ಲೆಕ್ಕ ಕೇಳುವುದು ಗುರುದ್ರೋಹವಲ್ಲ

ಕಲಬುರಗಿ, ಬೀದರ ಮತ್ತು ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ಸಂಕಟವನ್ನು ಹೇಳುತ್ತವೆ. ತಮ್ಮನ್ನು ತಾವೇ ಗುರು, ದೇವಮಾನವ, ಮುತ್ಯಾ ಎಂದು ಘೋಷಿಸಿಕೊಂಡವರು ಭಕ್ತರಿಂದ ಹಣ, ಬಂಗಾರ, ಹೊಲ ಪಡೆದು ವಂಚಿಸಿದ್ದಾರೆ ಎಂಬುದು ಆ ಪತ್ರಗಳ ಸಾರ. ಇವುಗಳಲ್ಲಿ ಯಾವುದರ ಬಗ್ಗೆಯೂ ನ್ಯಾಯಾಲಯದ ತೀರ್ಪು ಬಂದಿಲ್ಲವಾದ್ದರಿಂದ ಇವೆಲ್ಲವನ್ನೂ ಆರೋಪಗಳೆಂದೇ ಓದಿಕೊಳ್ಳಬೇಕು. ಬರೆದವರ ಹೆಸರನ್ನೂ ಆರೋಪಕ್ಕೆ ಗುರಿಯಾದವರ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ, ತಂದೆ ತೀರಿಕೊಂಡಿದ್ದಾರೆ. ತಾಯಿ ನಾಲ್ಕು ವರ್ಷಗಳಿಂದ ಒಬ್ಬ ಸ್ವಾಮಿಯ ಆಶ್ರಮಕ್ಕೆ ನಡೆದುಕೊಳ್ಳುತ್ತಿದ್ದಾರೆ. ಮೊದಲು ತೊಗರಿ ರಾಶಿಯಾದ ಮೇಲೆ ಒಂದಿಷ್ಟು ಕಾಣಿಕೆ ಕೊಡುತ್ತಿದ್ದರು. ಆಮೇಲೆ ‘ಆಸ್ಪತ್ರೆ ಕಟ್ಟಿಸುತ್ತೇವೆ’ ಎಂದು ಹೇಳಿ ಬೋರಮಾಳ, ಪಾಟ್ಲಿ ಪಡೆದರು. ಹೋದ ವರ್ಷ ಮೂರು ಎಕರೆ ಹೊಲವನ್ನು ದಾನಪತ್ರ ಮಾಡಿಸಿಕೊಂಡಿದ್ದಾರೆ. ಆಸ್ಪತ್ರೆಯ ಒಂದು ಕಲ್ಲೂ ಬಿದ್ದಿಲ್ಲ. ಕೇಳಲು ಹೋದರೆ ‘ಗುರುವಿನ ಲೆಕ್ಕ ಕೇಳಿದ ಮನೆ ಉದ್ಧಾರವಾಗುವುದಿಲ್ಲ’ ಎನ್ನುತ್ತಾರೆ. ತಾಯಿಗೆ ಈಗ ಸಂಶಯ ಬಂದಿದೆ, ಆದರೆ ಶಾಪಕ್ಕೆ ಹೆದರುತ್ತಾರೆ. ಏನು ಮಾಡಬೇಕು? — ಅಫಜಲಪುರ ತಾಲೂಕಿನ ಓದುಗರು

ಉತ್ತರ: ಮೊದಲು ಶಾಪದ ಮಾತನ್ನೇ ತೆಗೆದುಕೊಳ್ಳೋಣ, ಏಕೆಂದರೆ ನಿಮ್ಮ ತಾಯಿಯ ಬಾಯಿ ಕಟ್ಟಿರುವುದು ಅದೊಂದೇ. ದೇವರ ಅವಕೃಪೆಗೆ ಗುರಿಯಾಗುತ್ತೀರಿ ಎಂದು ನಂಬಿಸಿ, ಒಬ್ಬರಿಂದ ಅವರು ಮಾಡಬೇಕಿಲ್ಲದ ಕೆಲಸ ಮಾಡಿಸುವುದು ಅಥವಾ ಮಾಡಲು ಹಕ್ಕಿರುವ ಕೆಲಸವನ್ನು ತಪ್ಪಿಸುವುದು ನಮ್ಮ ದೇಶದಲ್ಲಿ ಅಪರಾಧ. 1860ರ ದಂಡಸಂಹಿತೆಯ 508ನೇ ಕಲಂ ಇದನ್ನೇ ಹೇಳುತ್ತಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 354ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಇಂಥ ಬೆದರಿಕೆ ಅಷ್ಟು ಹಳೆಯದು, ಅಷ್ಟು ಸಾಮಾನ್ಯ ಎಂಬುದನ್ನು ತಾಯಿಗೆ ತಿಳಿಸಿ. ಶಾಪವಾಗಿ ಕೇಳಿಸಿದ್ದು ಕಾನೂನು ಹೆಸರಿಟ್ಟು ಗುರುತಿಸಿರುವ ಬೆದರಿಕೆ ಎಂದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

ಇನ್ನರ್ಧ ಭಯಕ್ಕೆ ನಮ್ಮ ನೆಲದ ಉದಾಹರಣೆಯೇ ಸಾಕು. ನಿಮ್ಮ ಜಿಲ್ಲಾ ಕೇಂದ್ರದ ಶರಣಬಸವೇಶ್ವರರ ಹೆಸರು ಇಂದಿಗೂ ನಿಂತಿರುವುದು ದಾಸೋಹದ ಮೇಲೆ. ಅಲ್ಲಿ ಕಾಳು ಗುರುವಿನ ಕಣಜದಿಂದ ಹಸಿದವರ ಕಡೆಗೆ ಹರಿಯಿತು. ಬಸವಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಕಥೆಯನ್ನು ನಿಮ್ಮ ತಾಯಿ ಪುರಾಣ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿರುತ್ತಾರೆ. ಗಂಡ ತಂದದ್ದಕ್ಕೂ ಲೆಕ್ಕ ಕೇಳಿದ ಹೆಣ್ಣುಮಗಳನ್ನು ನಾವು ಶರಣೆ ಎಂದು ಪೂಜಿಸುತ್ತೇವೆ. ಹೀಗಿರುವಾಗ ತನ್ನ ಬಂಗಾರದ ಲೆಕ್ಕ ಕೇಳಿದ ವಿಧವೆ ಗುರುದ್ರೋಹಿ ಹೇಗಾಗುತ್ತಾಳೆ?

ಇನ್ನು ದಾನಪತ್ರದ ವಿಷಯ. ನೀವು ಕಳಿಸಿದ ಜೆರಾಕ್ಸ್ ಪ್ರತಿಯನ್ನು ಓದಿದ್ದೇನೆ, ಅದರಲ್ಲಿ ನಾಲ್ಕು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ದಾನ ಪಡೆದವರ ಜಾಗದಲ್ಲಿ ಯಾವ ಟ್ರಸ್ಟಿನ ಹೆಸರೂ ಇಲ್ಲ, ಸ್ವಾಮಿಯ ಸ್ವಂತ ಹೆಸರಿದೆ. ಸಹಿ ಹಾಕಿದ ಇಬ್ಬರು ಸಾಕ್ಷಿಗಳೂ ಆಶ್ರಮದ ವಿಳಾಸದವರೇ. ನಿಮ್ಮ ತಾಯಿ ಹೆಬ್ಬೆಟ್ಟು ಒತ್ತಿದ್ದಾರೆ, ಆದರೆ ಪತ್ರವನ್ನು ಅವರಿಗೆ ಓದಿ ತಿಳಿಸಲಾಯಿತು ಎಂಬ ಒಕ್ಕಣೆ ಎಲ್ಲಿಯೂ ಇಲ್ಲ. ಆಸ್ಪತ್ರೆಯ ಉದ್ದೇಶವೂ ಪತ್ರದಲ್ಲಿಲ್ಲ, ‘ಭಕ್ತಿ ವಿಶ್ವಾಸದಿಂದ’ ಎಂದಷ್ಟೇ ಬರೆಯಲಾಗಿದೆ. ಈ ಸಂಗತಿಗಳನ್ನು ನಿಮ್ಮ ವಕೀಲರಿಗೆ ಮೊದಲ ಭೇಟಿಯಲ್ಲೇ ತೋರಿಸಿ.

ನೋಂದಣಿಯಾದ ದಾನಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ರದ್ದು ಮಾಡಿಸಲು ಬರುವುದಿಲ್ಲ, ಅದಕ್ಕೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಅಲ್ಲಿ ನಿಮ್ಮ ನೆರವಿಗೆ ಬರುವುದು 1872ರ ಕರಾರು ಕಾಯಿದೆಯ 16ನೇ ಕಲಮಿನಲ್ಲಿರುವ ಅನುಚಿತ ಪ್ರಭಾವದ ನಿಯಮ. ಒಬ್ಬರು ಇನ್ನೊಬ್ಬರ ಮನಸ್ಸಿನ ಮೇಲೆ ಹಿಡಿತವಿರುವ ಸ್ಥಾನದಲ್ಲಿದ್ದು, ಆ ಹಿಡಿತದಿಂದ ಅನ್ಯಾಯದ ಲಾಭ ಪಡೆದರೆ, ಆ ವ್ಯವಹಾರವನ್ನು ನೊಂದವರು ರದ್ದುಪಡಿಸಿಕೊಳ್ಳಬಹುದು. ಗುರು ಶಿಷ್ಯರ ಸಂಬಂಧ ಇದಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಹೊಸದಲ್ಲ. 19ನೇ ಶತಮಾನದ ಕೊನೆಯಲ್ಲಿ ಮನ್ನು ಸಿಂಗ್ ಮತ್ತು ಉಮಾದತ್ತ ಪಾಂಡೆ ಅವರ ನಡುವಿನ ಮೊಕದ್ದಮೆಯಲ್ಲಿ, ಪರಲೋಕದಲ್ಲಿ ಆತ್ಮಕ್ಕೆ ಸದ್ಗತಿ ಸಿಗಲೆಂದು ವೃದ್ಧರೊಬ್ಬರು ತಮ್ಮ ಆಸ್ತಿಯನ್ನೆಲ್ಲ ಗುರುವಿಗೆ ಬರೆದುಕೊಟ್ಟ ದಾನಪತ್ರವನ್ನು ಅಲಹಾಬಾದ್ ಹೈಕೋರ್ಟ್ ಇದೇ ತತ್ವದ ಮೇಲೆ ರದ್ದು ಮಾಡಿತು. ಇಂಥ ಸಂಬಂಧವಿದ್ದು, ವ್ಯವಹಾರ ಮೇಲ್ನೋಟಕ್ಕೇ ನ್ಯಾಯವಲ್ಲವೆಂದು ಕಂಡರೆ, ಒತ್ತಡವಿರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ದಾನ ಪಡೆದವರ ಮೇಲೆ ಬೀಳುತ್ತದೆ. ಹೊಲವೊಂದೇ ಜೀವನಾಧಾರವಾಗಿದ್ದ ವಿಧವೆಯ ಪ್ರಕರಣದಲ್ಲಿ ಇದು ಸಣ್ಣ ಅನುಕೂಲವಲ್ಲ.

ಆದರೆ ತಡಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಇಂಥ ದಾವೆಗಳಲ್ಲಿ ಇಂದಿಗೂ ಉಲ್ಲೇಖವಾಗುವ ಒಂದು ತೀರ್ಪು 1887ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ಆಲ್‌ಕಾರ್ಡ್ ಎಂಬ ಮಹಿಳೆ ಒಂದು ಸನ್ಯಾಸಿನಿಯರ ಸಂಘವನ್ನು ಸೇರಿ, ತನ್ನ ಆಸ್ತಿಯನ್ನು ಅದರ ಮುಖ್ಯಸ್ಥೆ ಸ್ಕಿನ್ನರ್ ಅವರಿಗೆ ಒಪ್ಪಿಸಿದ್ದಳು. 1879ರಲ್ಲಿ ಸಂಘವನ್ನು ಬಿಟ್ಟಳು, ಆದರೆ ದಾವೆ ಹೂಡಿದ್ದು 1885ರಲ್ಲಿ. ಆಕೆಯ ಮೇಲೆ ಅನುಚಿತ ಪ್ರಭಾವವಿತ್ತು ಎಂಬುದನ್ನು ನ್ಯಾಯಾಲಯ ಒಪ್ಪಿದರೂ, ಇಷ್ಟು ವರ್ಷ ಸುಮ್ಮನಿದ್ದ ಕಾರಣಕ್ಕೆ ಆಕೆಗೆ ಆಸ್ತಿ ಮರಳಲಿಲ್ಲ. ನಮ್ಮಲ್ಲಿ ಪತ್ರ ರದ್ದು ಮಾಡಿಸುವ ದಾವೆಗೆ, ಅದಕ್ಕೆ ಕಾರಣವಾದ ಸಂಗತಿ ತಿಳಿದ ದಿನದಿಂದ ಮೂರು ವರ್ಷಗಳ ಕಾಲಮಿತಿಯಿದೆ. ತಾಯಿಗೆ ಸಂಶಯ ಬಂದದ್ದು ಯಾವಾಗ ಎಂಬುದನ್ನು ಈಗಲೇ ಬರೆದಿಡಿ. ದಾವೆಯೊಂದಿಗೇ, ಹೊಲವನ್ನು ಮೂರನೆಯವರಿಗೆ ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಪಹಣಿಯಲ್ಲಿ ಹೆಸರು ಇನ್ನೂ ಬದಲಾಗಿಲ್ಲವಾದರೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡಿ. ಹೊಲ ಪಿತ್ರಾರ್ಜಿತವಾಗಿದ್ದರೆ, ಮಕ್ಕಳ ಪಾಲನ್ನೂ ಸೇರಿಸಿ ತಾಯಿಯೊಬ್ಬರೇ ದಾನ ಕೊಡಲು ಬರುತ್ತದೆಯೇ ಎಂಬುದು ಬೇರೆಯದೇ ಆಕ್ಷೇಪಣೆ, ಅದನ್ನೂ ದಾವೆಯಲ್ಲಿ ಎತ್ತಬೇಕು.

ಇನ್ನೊಂದು ದಾರಿಯೂ ಇದೆ. ‘ಕೊನೆಗಾಲದವರೆಗೆ ಆಶ್ರಮದಲ್ಲೇ ನೋಡಿಕೊಳ್ಳುತ್ತೇವೆ’ ಎಂಬ ಷರತ್ತಿನ ಮೇಲೆ ಹೊಲ ಪಡೆದಿದ್ದು, ಈಗ ಕೈಬಿಟ್ಟಿದ್ದಾರೆ ಎನ್ನುವುದಾದರೆ, ಹಿರಿಯ ನಾಗರಿಕರ 2007ರ ಕಾಯಿದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ಈ ರಕ್ಷಣೆ ಮಕ್ಕಳಿಗೆ ಕೊಟ್ಟ ಆಸ್ತಿಗಷ್ಟೇ ಸೀಮಿತ ಎಂದು ಹಲವರು ತಿಳಿದಿದ್ದಾರೆ, ಹಾಗಿಲ್ಲ. ಆದರೆ ಅಂಥ ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆ.

ಬಂಗಾರದ ವಿಷಯ ಇದಕ್ಕಿಂತ ಕಷ್ಟದ್ದು, ಏಕೆಂದರೆ ರಸೀದಿ ಇಲ್ಲ. ಮದುವೆ ಫೋಟೋದಲ್ಲಿ ತಾಯಿಯ ಕೊರಳಲ್ಲಿರುವ ಬೋರಮಾಳ, ಅಕ್ಕಸಾಲಿಗರ ಹಳೆಯ ಚೀಟಿ, ಎಂದಾದರೂ ಬ್ಯಾಂಕಿನಲ್ಲಿ ಒತ್ತೆಯಿಟ್ಟಿದ್ದರೆ ಅದರ ತೂಕದ ದಾಖಲೆ, ಕೊಡುವಾಗ ಜೊತೆಯಲ್ಲಿದ್ದ ಓಣಿಯ ಹೆಣ್ಣುಮಕ್ಕಳ ಹೇಳಿಕೆ ಇವೆಲ್ಲವೂ ಸಾಕ್ಷ್ಯವೇ. ಆಸ್ಪತ್ರೆಯ ಹೆಸರಿನಲ್ಲಿ ಪಡೆದು, ಪಡೆಯುವಾಗಲೇ ಕಟ್ಟುವ ಉದ್ದೇಶವಿರಲಿಲ್ಲ ಎಂದು ತೋರಿದರೆ ಅದು ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ. ವಂಚಿಸಿ ಸ್ವತ್ತು ಪಡೆದದ್ದು ಸಾಬೀತಾದರೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. 2024ರ ಜುಲೈ 1ಕ್ಕಿಂತ ಮುಂಚೆ ನಡೆದದ್ದಕ್ಕೆ ಹಳೆಯ 420ನೇ ಕಲಮೇ ಅನ್ವಯಿಸುತ್ತದೆ, ಆದ್ದರಿಂದ ಯಾವುದನ್ನು ಯಾವಾಗ ಕೊಟ್ಟಿರಿ ಎಂಬುದನ್ನು ತಿಂಗಳುವಾರು ಬರೆಯಿರಿ. ವಕೀಲರ ಖರ್ಚಿನ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿದರೂ ಆಗುತ್ತದೆ.

ಕೊನೆಯದಾಗಿ ಒಂದು ಮಾತು. ದಾನಪತ್ರವನ್ನು ಪ್ರಶ್ನಿಸುವ ಹಕ್ಕು ಮೊದಲು ತಾಯಿಯದು. ಅವರನ್ನು ‘ಮೋಸಹೋದೆ’ ಎಂದು ಮನೆಯವರ ಎದುರು ಹೀಗಳೆದರೆ ಅವರು ಮರಳಿ ಆಶ್ರಮದ ಕಡೆಗೇ ಹೋಗುತ್ತಾರೆ. ಅವರು ಆಸ್ಪತ್ರೆಗೆಂದು ಕೊಟ್ಟರು, ಅದು ಒಳ್ಳೆಯ ಮನಸ್ಸು. ತಪ್ಪು ಪಡೆದವರದು ಎಂಬುದನ್ನು ಮನೆಯ ಎಲ್ಲರೂ ಅವರೆದುರು ಬಾಯಿಬಿಟ್ಟು ಹೇಳಬೇಕು.

ಪ್ರಶ್ನೆ: ನಮ್ಮ ಗುರುಗಳ ಟ್ರಸ್ಟಿನಲ್ಲಿ ‘ಗುರುನಿಧಿ’ ಎಂಬ ಯೋಜನೆ ಇದೆ. ಒಂದು ಲಕ್ಷ ಇಟ್ಟರೆ ತಿಂಗಳಿಗೆ ಮೂರು ಸಾವಿರ ‘ಪ್ರಸಾದ’ ಕೊಡುತ್ತೇವೆ, ಎರಡು ವರ್ಷಕ್ಕೆ ಅಸಲು ಮರಳಿಸುತ್ತೇವೆ ಎಂದಿದ್ದರು. ಎಂಟು ತಿಂಗಳು ಬಂತು, ಆಮೇಲೆ ನಿಂತಿದೆ. ಈಗ ‘ಅದು ದಾನ, ಮರಳಿ ಕೇಳಬಾರದು’ ಎನ್ನುತ್ತಿದ್ದಾರೆ. ನನ್ನ ಮಾತು ನಂಬಿ ನನ್ನ ಭಾವನೂ ಇಬ್ಬರು ಸಹೋದ್ಯೋಗಿಗಳೂ ಹಣ ಇಟ್ಟಿದ್ದಾರೆ. — ಹುಮನಾಬಾದಿನ ಶಿಕ್ಷಕರು

ಉತ್ತರ: ಮರಳಿ ಕೊಡುವ ಮಾತಿನ ಮೇಲೆ ಪಡೆದ ಹಣ ಠೇವಣಿ. ಅದಕ್ಕೆ ನಿಧಿ ಎನ್ನಲಿ, ಪ್ರಸಾದ ಎನ್ನಲಿ, ಕಾಣಿಕೆ ಎನ್ನಲಿ, ಕಾನೂನು ನೋಡುವುದು ಒಪ್ಪಂದವನ್ನು, ಹೆಸರನ್ನಲ್ಲ. ಅನುಮತಿಯಿಲ್ಲದೆ ಹೀಗೆ ಸಾರ್ವಜನಿಕರಿಂದ ಠೇವಣಿ ಪಡೆಯುವುದನ್ನು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆ ಪೂರ್ತಿಯಾಗಿ ನಿಷೇಧಿಸಿದೆ. ಪಡೆದದ್ದಕ್ಕೇ ಎರಡರಿಂದ ಏಳು ವರ್ಷ, ಪಡೆದು ವಂಚನೆಯಿಂದ ಮರಳಿಸದಿದ್ದರೆ ಮೂರರಿಂದ ಹತ್ತು ವರ್ಷ ಸೆರೆವಾಸವಿದೆ. ಕರ್ನಾಟಕಕ್ಕೆ ತನ್ನದೇ ಆದ 2004ರ ಠೇವಣಿದಾರರ ಹಿತರಕ್ಷಣಾ ಕಾಯಿದೆಯೂ ಇದೆ. ಅದರಡಿ ಸರ್ಕಾರ ಸಂಸ್ಥೆಯ ಮತ್ತು ಅದನ್ನು ನಡೆಸುವವರ ಆಸ್ತಿಯನ್ನು ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಠೇವಣಿದಾರರಿಗೆ ಹಂಚಬಹುದು.

ಗುರುವಿನ ಮೇಲಿನ ವಿಶ್ವಾಸವನ್ನು ಹೂಡಿಕೆಗೆ ತಿರುಗಿಸುವುದು ಒಂದೇ ಧರ್ಮದ ಕಾಯಿಲೆಯಲ್ಲ. 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆಯ ಮುಖ್ಯಸ್ಥರು ದೇಶ ಬಿಟ್ಟು ಹೋದಾಗ ಬೀದಿಗೆ ಬಂದವರಲ್ಲಿ ಹೆಚ್ಚಿನವರು, ಬಡ್ಡಿಯಿಲ್ಲದ, ತಮ್ಮ ಧರ್ಮಕ್ಕೆ ಒಪ್ಪುವ ಹೂಡಿಕೆ ಎಂದು ನಂಬಿ ದುಡಿಮೆಯ ಹಣ ಇಟ್ಟಿದ್ದ ಕುಟುಂಬಗಳು. ಆಗ ಹತ್ತಾರು ಸಾವಿರ ಜನ ದೂರು ಕೊಟ್ಟರು, ಆರೋಪಿಯ ಬಂಧನವಾಯಿತು, ಸಕ್ಷಮ ಪ್ರಾಧಿಕಾರವೊಂದು ಠೇವಣಿದಾರರಿಂದ ಕ್ಲೇಮ್ ಅರ್ಜಿ ಕರೆಯಿತು. ಇಂಥ ಕ್ಲೇಮಿನಲ್ಲಿ ಹೆಸರು ಬರಬೇಕಾದರೆ ಕಾಗದ ಇರಬೇಕು. ನೀವು ಕಳಿಸಿದ ಗುಲಾಬಿ ಬಣ್ಣದ ರಸೀದಿಯಲ್ಲಿ ಗುರುಗಳ ಭಾವಚಿತ್ರ ಅರ್ಧ ಪುಟ ತುಂಬಿದೆ, ಆದರೆ ಟ್ರಸ್ಟಿನ ನೋಂದಣಿ ಸಂಖ್ಯೆಯಿಲ್ಲ, ಪ್ಯಾನ್ ಇಲ್ಲ, ಕ್ರಮಸಂಖ್ಯೆಯೂ ಇಲ್ಲ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಎಂಟು ತಿಂಗಳು ‘ಪ್ರಸಾದ’ ನಿಮ್ಮ ಖಾತೆಗೆ ಜಮೆಯಾಗಿದೆಯಲ್ಲ, ಪ್ರತಿ ತಿಂಗಳೂ ಅದೇ ಮೂರು ಸಾವಿರ ಬಂದಿರುವ ಬ್ಯಾಂಕ್ ಪಾಸ್‌ಬುಕ್ಕೇ ಅದು ದಾನವಾಗಿರಲಿಲ್ಲ ಎಂಬುದಕ್ಕೆ ನಿಮ್ಮ ಗಟ್ಟಿ ಸಾಕ್ಷಿ. ದಾನ ಕೊಟ್ಟವರಿಗೆ ಯಾರೂ ತಿಂಗಳ ತಿಂಗಳ ಕಂತು ಕಟ್ಟುವುದಿಲ್ಲ.

ಭಾವನ ಬಗ್ಗೆ ಬರೆದದ್ದನ್ನು ನಾನು ದಾಟಿ ಹೋಗಲಾರೆ. ಠೇವಣಿಗೆ ಜನರನ್ನು ಕರೆತರುವುದನ್ನೂ 2019ರ ಕಾಯಿದೆ ಅಪರಾಧವೆಂದೇ ಹೇಳುತ್ತದೆ. ನೀವು ಕಮಿಷನ್ ಪಡೆದಿಲ್ಲ ಎಂದಿದ್ದೀರಿ, ಅದನ್ನು ನಂಬುತ್ತೇನೆ. ಆದ್ದರಿಂದಲೇ ಈಗ ಸುಮ್ಮನಿರುವುದು ನಿಮಗೆ ಅಪಾಯ. ಆ ಮೂವರನ್ನೂ ಕೂಡಿಸಿಕೊಂಡು ನೀವೇ ಮುಂದೆ ನಿಂತು ದೂರು ಕೊಡಿ. ‘ಮಾಸ್ತರ್ ಹೇಳಿದ್ದರು’ ಎಂದು ನಂಬಿದವರ ಜೊತೆ ಠಾಣೆಗೆ ಹೋಗುವುದು ಮುಜುಗರದ ಕೆಲಸ, ಆದರೂ ಮಾಡಲೇಬೇಕಾದ ಕೆಲಸ. ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲೂ ಇಂಥ ಯೋಜನೆಗಳ ಬಗ್ಗೆ ದೂರು ದಾಖಲಿಸಬಹುದು.

ಪ್ರಶ್ನೆ: ನನ್ನ ತಮ್ಮನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾನೆ. ಒಬ್ಬ ಬಾಬಾ ಮಂತ್ರಿಸಿದ ನೀರಿನಿಂದ ವಾಸಿ ಮಾಡುತ್ತೇನೆಂದು 51 ಸಾವಿರ ಕೇಳಿದ್ದಾರೆ. ಸೂಜಿ ಬಿಟ್ಟರೆ ಮಾತ್ರ ನೀರು ಕೆಲಸ ಮಾಡುತ್ತದಂತೆ. — ಸುರಪುರ ತಾಲೂಕಿನ ಓದುಗರು

ಉತ್ತರ: ಇನ್ಸುಲಿನ್ ಒಂದು ದಿನವೂ ನಿಲ್ಲಬಾರದು. ಚಿಕ್ಕಂದಿನಲ್ಲೇ ಬಂದ ಸಕ್ಕರೆ ಕಾಯಿಲೆಯಲ್ಲಿ ದೇಹ ತಾನಾಗಿ ಇನ್ಸುಲಿನ್ ತಯಾರಿಸುವುದಿಲ್ಲವಾದ್ದರಿಂದ, ಸೂಜಿ ಬಿಟ್ಟರೆ ರಕ್ತದಲ್ಲಿ ಆಮ್ಲ ಏರಿ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯವಾಗುತ್ತದೆ. ಈಗಾಗಲೇ ಬಿಟ್ಟಿದ್ದು, ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಈ ಪತ್ರಿಕೆಯನ್ನು ಬದಿಗಿಟ್ಟು 108ಕ್ಕೆ ಕರೆ ಮಾಡಿ.

ದೂರಿನ ವಿಚಾರ ಆಮೇಲೆ. ಮಂತ್ರ, ತಾಯತ, ಕವಚಗಳಿಂದ ರೋಗ ವಾಸಿಯಾಗುತ್ತದೆ ಎಂದು ಪ್ರಚಾರ ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಅದರ ರೋಗಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಕರಪತ್ರ ಹಂಚದೆ, ಸಭೆಯಲ್ಲಿ ಬಾಯಿಮಾತಿನಲ್ಲಿ ಸಾರಿದರೂ ಆ ಕಾಯಿದೆಯ ಪ್ರಕಾರ ಅದು ಜಾಹೀರಾತೇ. ಅವರು ಮೊಬೈಲಿನಲ್ಲಿ ಕಳಿಸಿದ ವಿಡಿಯೊ ಅಳಿಸದೆ ಇಟ್ಟುಕೊಳ್ಳಿ.

ಪ್ರಶ್ನೆ: ನೀವು ಪತ್ರಿಕೆಯವರು ಯಾವಾಗಲೂ ಸ್ವಾಮಿಗಳ ಹಿಂದೆ ಬೀಳುತ್ತೀರಿ. ನಮ್ಮ ಗುರುಗಳ ಮೇಲೆ ಬರೀ ಆರೋಪ ಬಂದಿದೆ. ಅವರ ಕೈಯಿಂದ ವಿಭೂತಿ ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ದಾನ ಕೊಟ್ಟವರು ಮನಸಾರೆ ಕೊಟ್ಟರು, ಈಗ ದೂರುವುದು ಸರಿಯೇ? — ಕಲಬುರಗಿಯ ಭಕ್ತರು

ಉತ್ತರ: ಆರೋಪ ಅಪರಾಧವಲ್ಲ ಎಂಬ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ದೇವರು ಒಳ್ಳೆಯದು ಮಾಡುತ್ತಾನೆ ಎಂದು ಹರಸಿ ದಕ್ಷಿಣೆ ಪಡೆದರೆ ಅದು ವಂಚನೆಯಲ್ಲ, ಹರಕೆ ಫಲಿಸದಿದ್ದರೂ ಅಲ್ಲ. ಮೌಢ್ಯ ನಿಷೇಧಕ್ಕೆಂದು 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಿಂದ ಜಾರಿಗೆ ಬಂದ ನಮ್ಮ ರಾಜ್ಯದ ಕಾಯಿದೆಯೂ ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಪ್ರವಚನ, ಭಜನೆಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಗಾಣಗಾಪುರಕ್ಕೆ ಹೋಗಿ ಬರುವವರ, ಬಂದೇ ನವಾಜ್ ದರ್ಗಾದಲ್ಲಿ ಚಾದರ ಹೊದಿಸುವವರ, ಮೈಲಾಪುರದ ಜಾತ್ರೆಯಲ್ಲಿ ಭಂಡಾರ ಹಾರಿಸುವವರ ಭಕ್ತಿಗೆ ಯಾವ ಕಾನೂನೂ ಅಡ್ಡಬಂದಿಲ್ಲ. ಪ್ರಶ್ನೆ ಹುಟ್ಟುವುದು, ಹೀಗೆ ಮಾಡುತ್ತೇನೆಂದು ಒಂದು ಸಂಗತಿ ಹೇಳಿ ಹಣ ಪಡೆದು, ಹೇಳುವಾಗಲೇ ಅದು ಸುಳ್ಳೆಂದು ಗೊತ್ತಿದ್ದಾಗ. ಮನಸಾರೆ ಕೊಟ್ಟರು ಎಂಬುದು ಅದಕ್ಕೆ ಉತ್ತರವಾಗುವುದಿಲ್ಲ. ವಂಚನೆಗೆ ಒಳಗಾದವರೆಲ್ಲರೂ ಮನಸಾರೆಯೇ ಕೊಟ್ಟಿರುತ್ತಾರೆ.

ವಿಭೂತಿಯ ಬಗ್ಗೆ ಕೇಳಿದ್ದರಿಂದ ಹೇಳುತ್ತೇನೆ. ವಿಭೂತಿಯನ್ನು ಅಕ್ಕಿ ಗಂಜಿಯಲ್ಲಿ ಕಲಸಿ, ಕಡಲೆಕಾಳಿನ ಗಾತ್ರದ ಉಂಡೆ ಮಾಡಿ ಒಣಗಿಸಿಟ್ಟುಕೊಳ್ಳುತ್ತಾರೆ. ಅದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿನಲ್ಲಿ ಸುಲಭವಾಗಿ ಅಡಗುತ್ತದೆ. ಅಂಗೈ ಕೆಳಗೆ ಮಾಡಿ ಗಾಳಿಯಲ್ಲಿ ಸುತ್ತು ಹಾಕುವಾಗ ಉಂಡೆಯನ್ನು ಬೆರಳ ತುದಿಗೆ ತಂದು ಹಿಸುಕಿದರೆ ಪುಡಿ ಉದುರುತ್ತದೆ. ಪವಾಡ ಬಯಲು ಮಾಡುವ ಕಾರ್ಯಕರ್ತರು ಶಾಲೆಗಳಲ್ಲಿ ಇದನ್ನು ಮಕ್ಕಳ ಎದುರೇ ಮಾಡಿ ತೋರಿಸುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆಂದೇ ಸಮಿತಿ ರಚಿಸಿ, ಪರೀಕ್ಷೆಗೆ ಒಪ್ಪಿಕೊಳ್ಳುವಂತೆ ಪವಾಡಪುರುಷರನ್ನು ಕೇಳಿದ್ದರು. ನಿಮ್ಮ ಗುರುಗಳು ಹೀಗೆಯೇ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ, ನೋಡದೆ ಹೇಳಲೂಬಾರದು. ತೋಳಿಲ್ಲದ ಅಂಗಿ ಹಾಕಿ, ಕೈ ತೊಳೆದು, ಅಂಗೈ ಮೇಲೆ ಮಾಡಿ ಒಮ್ಮೆ ವಿಭೂತಿ ಕೊಡಿ ಎಂದು ನೀವೇ ವಿನಯದಿಂದ ಕೇಳಿ ನೋಡಿ.

ನಿಮ್ಮಂಥ ನಿಷ್ಠಾವಂತ ಭಕ್ತರಿಂದ ಗುರುಗಳಿಗೆ ಆಗಬಹುದಾದ ದೊಡ್ಡ ಸೇವೆಯೂ ಒಂದಿದೆ. ಸಾರ್ವಜನಿಕ ಧಾರ್ಮಿಕ ಟ್ರಸ್ಟಿನಲ್ಲಿ ಹಿತಾಸಕ್ತಿಯಿರುವ ಇಬ್ಬರು ಸೇರಿ, ನ್ಯಾಯಾಲಯದ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಟ್ರಸ್ಟಿನ ಲೆಕ್ಕಪತ್ರ ಕೇಳಬಹುದು, ತಪ್ಪು ಮಾಡಿದ ಟ್ರಸ್ಟಿಗಳನ್ನು ತೆಗೆಸಬಹುದು. ಅಲ್ಲಿಯವರೆಗೆ ಹೋಗಬೇಕಿಲ್ಲದಿದ್ದರೆ ಇನ್ನೂ ಒಳ್ಳೆಯದು. ಬಂದ ಹಣವೆಷ್ಟು, ಹೋದದ್ದೆಲ್ಲಿ ಎಂಬ ಲೆಕ್ಕಪರಿಶೋಧಕರ ವರದಿಯನ್ನು ಮಠದ ಗೋಡೆಗೆ ಅಂಟಿಸಿದರೆ ಆರೋಪಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಪ್ರಶ್ನೆ: ದೂರು ಕೊಡಲು ಹೋದರೆ ಠಾಣೆಯಲ್ಲಿ ‘ಸ್ವಾಮಿಗಳ ವಿಷಯ, ನಿಮ್ಮ ನಿಮ್ಮಲ್ಲೇ ಬಗೆಹರಿಸಿಕೊಳ್ಳಿ’ ಎಂದು ಕಳಿಸಿದರು. ಊರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲವನ್ನೂ ಬರೆದುಬಿಡಲೇ? — ಆಳಂದದ ಓದುಗರು

ಉತ್ತರ: ಬರೆಯಬೇಡಿ. ಅಧಿಕಾರವಿರುವವರಿಗೆ ಸದ್ಭಾವನೆಯಿಂದ ಕೊಟ್ಟ ದೂರು ಮಾನನಷ್ಟವಾಗುವುದಿಲ್ಲ, ಆದರೆ ಗುಂಪಿನಲ್ಲಿ ಹರಿಬಿಟ್ಟ ಬರಹಕ್ಕೆ ಆ ರಕ್ಷಣೆಯಿಲ್ಲ. ಅದನ್ನೇ ಮುಂದಿಟ್ಟುಕೊಂಡು ನಿಮ್ಮ ಮೇಲೆಯೇ ಕೇಸು ಹಾಕುವವರಿದ್ದಾರೆ, ಮೂಲ ವಿಷಯ ಅಲ್ಲಿಗೆ ಮರೆತುಹೋಗುತ್ತದೆ.

ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ ಅದೇ ದೂರನ್ನು ಬರಹದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ಕಳಿಸಿ, ರಸೀದಿಯನ್ನು ಜೋಪಾನವಾಗಿಡಿ. ಅಲ್ಲಿಯೂ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಹೋಗಲು ಬಿಡುತ್ತದೆ. ಆಶ್ರಮ ಬೇರೆ ಠಾಣೆಯ ವ್ಯಾಪ್ತಿಯಲ್ಲಿದೆ ಎಂಬ ಕಾರಣಕ್ಕೆ ನಿಮ್ಮನ್ನು ಓಡಾಡಿಸುವಂತಿಲ್ಲ, ಯಾವ ಠಾಣೆಯಲ್ಲಿ ಕೊಟ್ಟರೂ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು. ಹಣವನ್ನು ಫೋನ್‌ಪೇ, ಗೂಗಲ್‌ಪೇ ಮೂಲಕ ಕಳಿಸಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಫ್‌ಐಆರ್ ಆದ ಕೂಡಲೇ ಅದರ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ. 90 ದಿನಗಳೊಳಗೆ ತನಿಖೆ ಎಲ್ಲಿಗೆ ಬಂತೆಂದು ದೂರುದಾರರಿಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು, ಮಾಹಿತಿ ಬಾರದಿದ್ದರೆ ಮರುದಿನವೇ ಲಿಖಿತವಾಗಿ ಕೇಳಿ.